ಮರುಪರಿಶೀಲನೆಗೆ ಅರ್ಜಿ, ಪಡುಕರೆಯಿಂದ

ಮಾನ್ಯರೇ,
ನಿಮ್ಮ ಕಾಗದ ತಲುಪಿತು. ಒಂದೂವರೆ ಪುಟ.
ಮೀನಿನ ಕೈ ತೊಳೆದೇ ಬಿಡಿಸಿದೆ.
"ಚಾವಣಿಗೆ ಆದದ್ದು ಬಿರುಗಾಳಿಯ ಹಾನಿಯಲ್ಲ,
ಕಾಲಕ್ರಮದ ತುಕ್ಕು. ವಿಷಾದಿಸುತ್ತೇವೆ."
ವಿಷಾದಿಸಿದವರ ಸಹಿ ಇರಲಿಲ್ಲ,
ಒಂದು ಸೀಲು ಇತ್ತು, ಅದೂ ವಾಲಿಕೊಂಡು.

ಗಾಡಿಯ ಬಗ್ಗೆ ಹೇಳುತ್ತೇನೆ, ಫಾರಮ್ಮಿನಲ್ಲಿ ಜಾಗ ಸಾಲಲಿಲ್ಲ.
ಶಾಲೆಯೊಂದು ಮಾರಿದ ಮಿನಿಬಸ್ಸು ಅದು.
ಹದಿನೆಂಟು ಸೀಟು ಕಿತ್ತು ಭುಜಂಗರು
ಮಂಚ ಕೂರಿಸಿದರು, ಸ್ಟೋವು, ಮಡಚುವ ಮೇಜು,
ಆರ್‌ಟಿಓದಲ್ಲಿ ಮೂರು ಸಲ ಸಾಲು ನಿಂತು
ಪುಸ್ತಕದಲ್ಲಿ ಬರೆಸಿದರು: ಕ್ಯಾಂಪರ್ ವ್ಯಾನ್.
ಮೂವತ್ತು ವರ್ಷ ಬೋಟಿನ ಇಂಜಿನ್ ನೋಡಿದವರು,
ದಡದ ಮೇಲೂ ಹೊರಡುವಂಥದ್ದೊಂದು ಬೇಕಿತ್ತು.
ನಾವು ಹೋದದ್ದು ಹೆಚ್ಚೇನಿಲ್ಲ:
ಮುರುಡೇಶ್ವರ ಒಮ್ಮೆ, ಬೇಕಲ ಎರಡು ಸಲ,
ಒಂದು ರಾತ್ರಿ ಬರೀ ಹೆಜಮಾಡಿ ದಾಟಿ
ನಿದ್ದೆ ಬಂತೆಂದು ನಿಲ್ಲಿಸಿ ಮಲಗಿದೆವು,
ಮನೆಯಿಂದ ಗಂಟೆಯ ದಾರಿಯೂ ಅಲ್ಲ,
ನಗು ತಡೆಯಲಾಗದೆ.

ಮೇ ಇಪ್ಪತ್ತೆರಡರ ರಾತ್ರಿ.
ನಿಮ್ಮ ಏಳನೇ ಷರತ್ತಿನಲ್ಲಿ ಬಿರುಗಾಳಿಗೆ ವ್ಯಾಖ್ಯೆ ಇದೆ, ಓದಿದೆ,
ಗಂಟೆಗೆ ಇಷ್ಟು ಕಿಲೋಮೀಟರ್ ಎಂದು.
ಅಂದು ಅದನ್ನು ಅಳೆದವರು ಯಾರೋ.
ನಮಗೆ ಕಂಡದ್ದು: ರಾಗು ಪೂಜಾರಿಯ ಕೋಳಿಗೂಡು
ನಮ್ಮ ಬಾವಿಕಟ್ಟೆಯ ಮೇಲೆ ಬಂದು ಕೂತಿತ್ತು, ಕೋಳಿ ಸಮೇತ.
ಗಾಡಿಯ ಚಾವಣಿ ಏಳುವುದು ಬೀಳುವುದು ಏಳುವುದು
ಬೆಳಗಿನ ಮೂರಕ್ಕೆ ನಿಂತಿತು.
ನಿಂತದ್ದೇ ನಮಗೆ ಹೆದರಿಕೆಯಾದದ್ದು.

ಈಗ ತುಕ್ಕಿನ ಮಾತು.
ನಾನು ಮಲ್ಪೆ ಬಂದರಿನಲ್ಲಿ ಮೀನು ಕೊಂಡು
ಉಡುಪಿಯಲ್ಲಿ ಮಾರುವವಳು, ಇಪ್ಪತ್ತಾರು ವರ್ಷದಿಂದ.
ಹಳತು ಹೊಸತು ನೋಡುವುದೇ ನನ್ನ ಕಸುಬು.
ಕಿವಿರು ಎತ್ತಿ ನೋಡುತ್ತೇವೆ: ಕೆಂಪಿದ್ದರೆ ಇವತ್ತಿನದು,
ಕಂದಾದರೆ ನಿನ್ನೆಯದು,
ಆಮೇಲಿನದಕ್ಕೆ ಕಣ್ಣು ಬೇಡ, ಮೂಗು ಸಾಕು.
ತಗಡಿಗೂ ಕಿವಿರಿದೆ, ಮಾನ್ಯರೇ.
ಮರುದಿನ ಬೆಳಿಗ್ಗೆ ಆ ಹರಿದ ಅಂಚು
ಬೊಳಂಜೀರಿನ ಹೊಟ್ಟೆಯ ಹಾಗೆ ಬೆಳ್ಳಗೆ ಹೊಳೆಯುತ್ತಿತ್ತು.
ಫೋಟೋ ಲಗತ್ತಿಸಿದೆ, ಒಂದರಿಂದ ನಾಲ್ಕು,
ತಮ್ಮನ ಮಗ ತೆಗೆದದ್ದು, ಆರು ಗಂಟೆ ಹನ್ನೊಂದು ನಿಮಿಷ.
ಮೂರನೆಯದರಲ್ಲಿ ಅವನ ಹೆಬ್ಬೆರಳೂ ಬಂದಿದೆ, ಕ್ಷಮಿಸಿ.

ನಿಮ್ಮ ಸರ್ವೇಯರ್ ಬಂದದ್ದು ಹತ್ತೊಂಬತ್ತನೇ ದಿನ.
ಕಡಲಿಗೂ ನಮಗೂ ನಡುವೆ ಒಂದೇ ರಸ್ತೆ.
ಇಲ್ಲಿ ಬೀಗಕ್ಕೆ ತುಕ್ಕು, ಕೀಲಿಗೆ ತುಕ್ಕು,
ದೇವರ ಫೋಟೋ ಹೊತ್ತ ಮೊಳೆಗೂ.
ಅವರು ಶೂ ಒದ್ದೆಯಾಗದ ಹಾಗೆ ನಿಂತು
ಅಂಚು ಮುಟ್ಟಿ, ಬೆರಳು ನೋಡಿಕೊಂಡು
"ತುಕ್ಕು" ಎಂದು ಬರೆದರು.
ಚಾ ಕುಡಿದರು. ಒಳ್ಳೆಯ ಮನುಷ್ಯ, ದೂರಿಲ್ಲ.
ಆದರೆ ಹತ್ತೊಂಬತ್ತು ದಿನ ಹೊರಗಿಟ್ಟ ಬಂಗುಡೆ ಎತ್ತಿ
ಬಲೆಗೆ ಬೀಳುವಾಗಲೇ ಹಳಸಿತ್ತು ಅಂದರೆ
ನನ್ನ ಬುಟ್ಟಿಯೆದುರು ಕುಕ್ಕರಗಾಲಲ್ಲಿ ಕೂತು
ಐದು ರೂಪಾಯಿಗೆ ಅರ್ಧ ಗಂಟೆ ಚೌಕಾಸಿ ಮಾಡುವವರೂ
ಒಪ್ಪುವುದಿಲ್ಲ.

ಭುಜಂಗರು ಈ ಕಾಗದ ಬೇಡ ಅಂದಿದ್ದರು.
"ಬಿಡು, ಟಾರ್ಪಾಲು ಇದೆಯಲ್ಲ."
ಈಗ ಹಟಕ್ಕೆ ಅದರಡಿಯೇ ಮಲಗುತ್ತಾರೆ.
ಮೊನ್ನೆ ನಾನೂ ಚಾಪೆ ಹಿಡಿದುಕೊಂಡು ಹೋದೆ.
ನಡುರಾತ್ರಿ ಟಾರ್ಪಾಲು ಪಟಪಟ ಅಂತು.
"ಗಂಟೆಗೆ ಎಷ್ಟು?" ಕೇಳಿದೆ ಕತ್ತಲಲ್ಲಿ.
ತುಸು ಹೊತ್ತು ಕಿವಿಗೊಟ್ಟರು.
"ಇದಕ್ಕೆಲ್ಲ ದುಡ್ಡು ಸಿಗುವುದಿಲ್ಲ" ಅಂದರು.

ಮೂಲಪ್ರತಿ ನನ್ನ ಹತ್ತಿರ ಇದೆ, ನಿಮಗೆ ನಕಲು.
ಇನ್ನೊಬ್ಬರನ್ನು ಕಳಿಸುವುದಾದರೆ ಬೇಗ ಕಳಿಸಿ.
ಇಂತಿ, ವಾರಿಜಾ ಮೆಂಡನ್.

ವಿ.ಸೂ.: ಲಕೋಟೆಗೆ ಮೀನಿನ ವಾಸನೆ ಇದ್ದರೆ
ಅದು ಅಂಚೆಯ ತಡ.
ಇಲ್ಲಿಂದ ಹೊರಡುವಾಗ
ಹೊಸದೇ ಇತ್ತು.